ಕುರಿಯ ಮುಖ, ನನ್ನ ಡಾಕ್ಟರೇಟು

ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನ್ನ ಪಿಎಚ್.ಡಿ. ಪ್ರಬಂಧದ ನಾಲ್ಕನೇ ಅಧ್ಯಾಯ, ಬರೋಬ್ಬರಿ ನಲವತ್ತು ಪುಟ, ಒಬ್ಬ ಅಜ್ಜ ನನ್ನ ಮೇಲಿನ ಕನಿಕರದಿಂದ ಹೇಳಿದ ಸುಳ್ಳಿನ ಮೇಲೆ ನಿಂತಿತ್ತು.

ನನ್ನ ಸಂಶೋಧನೆ ಕುರಿಗಾಹಿಗಳ ತಿಳಿವಳಿಕೆಯ ಬಗ್ಗೆ. ಅದಕ್ಕಾಗಿ ಇಟ್ಟಿಗಿ ಎಂಬ ಊರಿನ ಕುರಿಗಾಹಿ ಹಾಲಪ್ಪಜ್ಜನನ್ನು ಹಿಡಿದುಕೊಂಡಿದ್ದೆ. ಪ್ರಶ್ನಾವಳಿ ಹಿಡಿದು ಹೋಗುವುದು, “ಕುರಿಗಳನ್ನು ಹೇಗೆ ಗುರುತಿಸ್ತೀರಿ?” ಎಂದು ಕೇಳುವುದು. ಮೂರು ಸಲ ಅಜ್ಜ “ಗುರ್ತು ಸಿಗ್ತಾವ, ಅಷ್ಟ” ಎಂದ. ನಾಲ್ಕನೇ ಸಲ ನನ್ನ ಬೆವರು ನೋಡಿ, “ಮಾರಿ ನೋಡಿ ಹೇಳ್ತೀನಪ್ಪ” ಎಂದ.

ಅಷ್ಟು ಸಾಕಾಯಿತು. ಹರಪನಹಳ್ಳಿ ಬಸ್ಸು ಇಳಿಯುವಷ್ಟರಲ್ಲಿ ಸಿದ್ಧಾಂತ ತಯಾರಾಗಿತ್ತು. ಕುರಿಮುಖಗಳನ್ನು ಹನ್ನೊಂದು ಬಗೆಯಾಗಿ ವಿಂಗಡಿಸಿದೆ. ಅಲಂಕಾರಶಾಸ್ತ್ರದ ನಾಯಿಕಾ ಭೇದಗಳಿಗೆ ಅವನ್ನು ಹೋಲಿಸಿ ಒಂದು ಅಡಿಟಿಪ್ಪಣಿ ಬರೆದೆ. ನಮ್ಮ ಮಾರ್ಗದರ್ಶಕರು ಅದರ ಪಕ್ಕ ‘ಮೌಲಿಕ’ ಎಂದು ಗುರುತು ಹಾಕಿದರು. ಕುರಿಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬರಬಹುದು. ಸಾಮಾನ್ಯವಾಗಿ ಬರುವವರು ಆಮೇಲಿನ ಊಟಕ್ಕೆ ಬರುತ್ತಾರೆ. ನಾನು ಶಾಲು ಹೊದಿಸೋಣವೆಂದು ಅಜ್ಜನನ್ನೂ ಕರೆದಿದ್ದೆ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತ.

ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಸರಿಸಿ ಕೇಳಿದರು: “ಮುಖ ನೋಡಿ ಗುರುತಿಸುತ್ತಾರೆ ಅನ್ನೋದಕ್ಕೆ ಆಧಾರ?”

“ಆಧಾರ ಇಲ್ಲೇ ಕೂತಿದ್ದಾರೆ ಸರ್” ಎಂದು ಹೆಮ್ಮೆಯಿಂದ ಅಜ್ಜನ ಕಡೆ ಕೈ ತೋರಿದೆ.

ಅಜ್ಜ ಎದ್ದು ನಿಂತ. “ಅದು ಖರೇ ಅಲ್ರಿ ಸಾಹೇಬ್ರ. ಪಾಪ, ಬಿಸಿಲಾಗ ನಾಕು ಸಲ ಬಂದಿದ್ದ. ಬರಿಗೈಲೆ ಹೆಂಗ ಕಳಸೋದು ಅಂತ ಏನೋ ಒಂದು ಹೇಳಿದೆ. ನಾ ಕುರಿ ಹಿಂದ ಹೋಗಾವ, ಮಾರಿ ಎಲ್ಲಿ ಕಾಣ್ತಾವ್ರಿ? ನಡಿಗಿ ನೋಡಿ ಹೇಳ್ತೀನಿ.”

ಮಾರ್ಗದರ್ಶಕರು ಫ್ಯಾನು ನೋಡತೊಡಗಿದರು. ಏಳು ವರ್ಷದ ದುಡಿಮೆ ನನ್ನ ಕಣ್ಣೆದುರೇ ಕುಸಿಯುತ್ತಿತ್ತು. ನನ್ನ ಅವಸ್ಥೆ ಕಂಡು ಅಜ್ಜ ಗಾಬರಿಯಾಗಿ, “ಹುಡುಗ ಮಾತ್ರ ಭಾಳ ಒಳ್ಳೇವ್ನ ಅದಾನ್ರಿ” ಎಂದು ಕನ್ಯೆ ಕೇಳಲು ಹೋದವರಂತೆ ಸೇರಿಸಿದ.

ಪರೀಕ್ಷಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿಸಿ ವರದಿಯಲ್ಲಿ ಬರೆದರು: ನಾಲ್ಕನೇ ಅಧ್ಯಾಯವನ್ನು ಹೊಸದಾಗಿ ಬರೆದು, ಹಾಲಪ್ಪನವರ ಒಪ್ಪಿಗೆ ಸಹಿ ತರತಕ್ಕದ್ದು.

ಹೀಗೆ ನನ್ನ ಎರಡನೇ ಪರೀಕ್ಷೆ ಇಟ್ಟಿಗಿಯ ಹೊಲಗಳಲ್ಲಿ ಎಂಟು ದಿನ ನಡೆಯಿತು. ಕುರಿಗಳ ಹಿಂದೆ ಅಜ್ಜ, ಅಜ್ಜನ ಹಿಂದೆ ನಾನು. “ಬಲಗಡಿ ಹೊಂಟದ್ದು ಯಾವ್ದು?” ಎಂದು ಕೇಳುತ್ತಿದ್ದ. ಐದನೇ ದಿನ ಒಂದನ್ನು ಸರಿಯಾಗಿ ಹೇಳಿ ಕುಣಿದಾಡಿದೆ.

“ಅದು ಕುಂಟತೈತಿ. ಅದನ್ನ ಯಾರಾದ್ರೂ ಹೇಳ್ತಾರ” ಎಂದ ಅಜ್ಜ.

ಎಂಟನೇ ದಿನ ನಾಲ್ಕನ್ನು ಗುರುತಿಸಿದೆ. ಹೊಸ ಅಧ್ಯಾಯ ಒಂಬತ್ತೇ ಪುಟವಾಯಿತು. ಅಜ್ಜ ಓದಿಸಿ ಕೇಳಿ, ಎರಡು ಕಡೆ ತಿದ್ದಿಸಿ, ನನ್ನನ್ನು ಬಗ್ಗಿಸಿ ಬೆನ್ನ ಮೇಲೆ ಹಾಳೆ ಇಟ್ಟು ಸಹಿ ಮಾಡಿದ. ಪದವಿ ಬಂತು, ಮೇಷ್ಟ್ರೂ ಆದೆ.

ಹೋದ ತಿಂಗಳು ನನ್ನ ಕೈಕೆಳಗೆ ಸಂಶೋಧನೆಗೆ ಸೇರಿದ ಮೊದಲ ವಿದ್ಯಾರ್ಥಿನಿಯನ್ನು ಅಜ್ಜನ ಹತ್ತಿರ ಕಳಿಸಿದ್ದೆ. ಮಧ್ಯಾಹ್ನ ಅಜ್ಜನ ಫೋನು ಬಂತು. ದನಿ ತಗ್ಗಿಸಿ ಕೇಳಿದ: “ಮಾಸ್ತರ, ನಿಮ್ಮ ಹುಡುಗಿ ಬಂದಾಳ. ಖರೇ ಹೇಳ್ಲೋ, ಲಗೂನ ಡಿಗ್ರಿ ಬರೋಹಂಗ ಹೇಳ್ಲೋ?”

“ಖರೇನ ಹೇಳ್ರಿ” ಎಂದೆ.

ನನ್ನ ಆ ಒಂದು ಮಾತಿನಿಂದ ಬಿಸಿಲಲ್ಲಿ ಕುರಿಗಳ ಹಿಂದೆ ಅಲೆಯಬೇಕಾದ ಆ ಹುಡುಗಿಗೆ ಎದುರಾಗಲು ಒಂದು ವಾರ ನನಗೆ ಧೈರ್ಯ ಬರಲಿಲ್ಲ.