ಘಣಸೋಲಿಯ ಕೇಸರಿ ಕಲ್ಲು

ಥಾಣೆಯಿಂದ ಬಸ್ಸಿನಲ್ಲಿ ನಿಂತೇ ಬಂದು ಘಣಸೋಲಿಯಲ್ಲಿ ಇಳಿದಾಗ ಕಾಲು ಸೋತುಹೋಗಿತ್ತು. ಚೀಲದಲ್ಲಿ ಕಾಗದ, ಬ್ರಷ್ಷು, ಮಸಿ ಇದ್ದವು. ಮಧ್ಯಯುಗದ ಶಾಸನಗಳ ಅಧ್ಯಯನಕ್ಕೊಂದು ಫೆಲೋಶಿಪ್ ಇದೆ. ಅರ್ಜಿಯ ಜೊತೆ ಇನ್ನೂ ಪ್ರಕಟವಾಗದ ಶಾಸನವೊಂದರ ಪಡಿಯಚ್ಚು ಕೊಡಬೇಕು, ಸೋಮವಾರವೇ ಕೊನೆಯ ದಿನ. ನನ್ನ ವಯಸ್ಸಿಗೆ ಇದು ಕೊನೆಯ ಅವಕಾಶವೂ ಹೌದು. ಇಲ್ಲಿ ಅಂಥ ಕಲ್ಲೊಂದನ್ನು ಹೋದ ವರ್ಷವೇ ನೋಡಿಟ್ಟುಕೊಂಡಿದ್ದೆ.

ಕಟ್ಟಡ ಕೂಲಿಯವರ ಜೋಪಡಿಗಳ ನಡುವೆ ಅದು ಮೈತುಂಬ ಕೇಸರಿ ಆಯಿಲ್ ಪೇಂಟ್ ಮೆತ್ತಿಕೊಂಡು ನಿಂತಿತ್ತು. ಬೆರಳಾಡಿಸಿದೆ. ಅಕ್ಷರದ ಒಂದು ಗೆರೆಯೂ ಸಿಗಲಿಲ್ಲ.

"ಯಾರಮ್ಮ ಇದನ್ನು ಬಳಿದದ್ದು?" ಎಂದು ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸಿನ ಮೇಲೆ ರೇಗಿದೆ. ಗುಲಬರ್ಗಾ ಕಡೆಯವಳು.

"ನಾವೇ ರೀ. ಕಲ್ಲು ಜ್ವಾಕಿ ಅಂತ ನೀವೇ ಹೇಳಿ ಹೋಗಿದ್ರಲ್ರೀ ಸರ್. ಕೆಲಸಾ ಮಾಡಿಸೋ ಠೇಕೇದಾರ ನೋಡಿದ್ರ, ಒಡೆದು ಪಾಯಾಕ್ಕ ಹಾಕ್ರಿ ಅಂದ. ಅವ ಸುತ್ತಿಗಿ ತರೂದ್ರಾಗ ಕಲರ್ ಹಚ್ಚಿಬಿಟ್ವಿ. ದೇವರನ್ನ ಒಡೀತಾನೇನ್ರೀ?"

ಹಾಗೆ ಹೇಳಿ ಹೋಗಿದ್ದು ನನಗೇ ನೆನಪಿರಲಿಲ್ಲ. ತಿನ್ನರ್ ಹಾಕಿ ತೊಳೆದರೆ ಅಕ್ಷರಗಳು ಬರುತ್ತವೆ, ದೇವರು ಹೋಗುತ್ತಾನೆ.

ಅಷ್ಟರಲ್ಲಿ ಅವಳು ಹಿಟ್ಟಿನ ಕೈಯಲ್ಲೇ ನನ್ನ ಕಾಲಿನ ಕಡೆ ತೋರಿಸಿ ದನಿ ತಗ್ಗಿಸಿದಳು.

"ಚಪ್ಪಲಿ ಬಿಡ್ರೀ ಸರ್. ಠೇಕೇದಾರ ನೋಡ್ಲಿಕತ್ತಾನ."

ನಾನು ಚಪ್ಪಲಿ ಬಿಟ್ಟು, ಓದಲಾಗದ ಶಾಸನಕ್ಕೆ ಕೈಮುಗಿದೆ.