ಹೂಂಗುಟ್ಟಬಾರದ ಜಗುಲಿ

ಹುಣಸೂರಿನ ರುಕ್ಮಿಣಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಪ್ರತಿ ಭಾನುವಾರ ಬಿ.ಕಾಂ. ಕೊನೆಯ ವರ್ಷದ ಐದಾರು ಮಕ್ಕಳನ್ನು ಜಗುಲಿಯ ಮೇಲೆ ಕೂರಿಸಿಕೊಂಡು, ದಮ್ಮಡಿ ಕಾಸೂ ತೆಗೆದುಕೊಳ್ಳದೆ ಲೆಕ್ಕದ ಕೆಲಸ ಕಲಿಸುತ್ತಿದ್ದರು.

ಹನಗೋಡಿನ ಆಚೆಯ ಕಾಡಂಚಿನ ಹಾಡಿಯಿಂದ ಬರುವ ಕಾವ್ಯಾಗೆ ಆ ಜಗುಲಿಯೆಂದರೆ ಎದೆ ಡವಡವ. ಓದಿನಲ್ಲೇನೂ ಹಿಂದಿರಲಿಲ್ಲ. ಆದರೆ ದೊಡ್ಡವರು "ಗೊತ್ತಾಯ್ತಾ?" ಅಂದರೆ "ಹೂಂ" ಅನ್ನಬೇಕು, ತಿರುಗಿ ಕೇಳಿದರೆ ಮರ್ಯಾದೆ ಕೆಟ್ಟಂತೆ ಎಂದು ಬೆಳೆದವಳು. ಅವಳೊಬ್ಬಳೇ ಏನು, ಈ ಸೀಮೆಯ ಮಕ್ಕಳೆಲ್ಲ ಹಾಗೇ. ಬೆಟ್ಟದಷ್ಟು ಅನುಮಾನ ಇಟ್ಟುಕೊಂಡೇ ಕತ್ತು ಅಲ್ಲಾಡಿಸುತ್ತಾರೆ.

ಮೊದಲ ದಿನ ಅವಳು ಮೂರು ಸಲ ಹೂಂಗುಟ್ಟಿದಳು.

"ಏನ್ ಗೊತ್ತಾಯ್ತು, ಯೋಳು ನೋಡಾನ," ಅಂದರು ರುಕ್ಮಿಣಮ್ಮ. ಹುಡುಗಿ ನೆಲ ನೋಡಿದಳು. "ಕೋಲೆ ಬಸವನಂಗೆ ತಲೆ ಆಡ್ಸಕ್ಕೆ ಅಲ್ಲಿಂದ ಬಸ್ ಹತ್ಕಂಡು ಬಂದ್ಯಾ? ಇಲ್ಲಿ ಹೂಂ ಅನ್ನಂಗಿಲ್ಲ ಕಣವ್ವ. ಒಂದು ಪ್ರಶ್ನೆ ಕೇಳು, ಇಲ್ಲಾಂದ್ರೆ ಎಲ್ಲರ್ಗೂ ಕಾಪಿ ಕಾಯಿಸ್ಕಂಡು ಬಾ."

ಆ ತಿಂಗಳೆಲ್ಲ ಕಾಫಿ ಮಾಡಿದ್ದು ಕಾವ್ಯಾನೇ. ಐದನೇ ವಾರ ಲೋಟ ತೊಳೆದು ಸಾಕಾಗಿ ಕೇಳಿಯೇಬಿಟ್ಟಳು: "ಅಮ್ಮ, ಗಿರಣೀಲಿ ಇಷ್ಟು ಮೂಟೆ ಅದೆ ಅಂತ ಬರ್ದಿರ್ತಾರಲ್ಲ, ಅದ ಎಣಿಸೋರು ಯಾರು?"

ರುಕ್ಮಿಣಮ್ಮ ಕೈಯಲ್ಲಿದ್ದ ಲೆಕ್ಕದ ಪುಸ್ತಕ ಮುಚ್ಚಿದರು. ಆಮೇಲೆ ತಾವೇ ಎದ್ದು ಹೋಗಿ ಅವಳಿಗೆ ಕಾಫಿ ಮಾಡಿ ತಂದುಕೊಟ್ಟರು.

ಪರೀಕ್ಷೆ ಮುಗಿದಾಗ ಹುಣಸೂರಿನ ಆಡಿಟರ್ ಒಬ್ಬರ ಆಫೀಸಿನಲ್ಲಿ ಒಂದೇ ಒಂದು ಕೆಲಸ ಖಾಲಿಯಿತ್ತು. ಅದು ಸಿಕ್ಕಿದರೆ ಸರಿ, ಇಲ್ಲದಿದ್ದರೆ ಕಾವ್ಯಾ ಅವ್ವನ ಜೊತೆ ಕೊಡಗಿನ ತೋಟಕ್ಕೆ ಕೂಲಿಗೆ ಹೋಗುವ ಜೀಪು ಹತ್ತಬೇಕು.

ಸಂದರ್ಶನದ ದಿನ ಆಡಿಟರ್ ಒಂದು ಅಂಗಡಿಯ ಫೈಲು ಕೊಟ್ಟು, "ವರ್ಷದ ಕೊನೆಗೆ ಉಳಿದ ಸರಕಿನ ಮೊತ್ತ ಈ ಚೀಟಿಯಲ್ಲಿದೆ. ಇದನ್ನೇ ಹಾಕಿ ಲೆಕ್ಕ ಮುಗಿಸು. ಗೊತ್ತಾಯ್ತಾ?" ಅಂದರು. ಮುಂಚೆ ಬಂದಿದ್ದ ಇಬ್ಬರು "ಎಸ್ ಸರ್" ಅಂದು ಹತ್ತೇ ನಿಮಿಷದಲ್ಲಿ ಮುಗಿಸಿ ಹೋಗಿದ್ದರು. ಚೀಟಿಯಲ್ಲಿ ತಾರೀಖಿಲ್ಲ, ಸಹಿಯಿಲ್ಲ. ಕಾವ್ಯಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇಲ್ಲ ಸರ್, ಗೊತ್ತಾಗ್ಲಿಲ್ಲ. ಇದನ್ನ ಎಣಿಸ್ದೋರು ಯಾರು?"

ಆಡಿಟರ್ ಕನ್ನಡಕ ತೆಗೆದರು. ಮುಗಿಯಿತು ನನ್ನ ಕಥೆ ಅಂದುಕೊಂಡಳು ಹುಡುಗಿ.

"ಇದನ್ನ ಯಾರಾದ್ರೂ ಕೇಳ್ತಾರಾ ಅಂತ ಬೆಳಗ್ಗೆಯಿಂದ ಕಾಯ್ತಿದ್ದೆ ಕಣಮ್ಮ," ಅಂದರು ಅವರು. "ಸೋಮವಾರದಿಂದ ಬಾ."

ಕಾವ್ಯಾ ಓಡುತ್ತಲೇ ಬಂದು, ನಡೆದದ್ದನ್ನೆಲ್ಲ ಹೇಳಿ ರುಕ್ಮಿಣಮ್ಮನ ಕಾಲು ಮುಟ್ಟಿದಳು. "ನೀವಿಲ್ದಿದ್ರೆ ನಾನು ತೋಟಕ್ಕೆ ಹೋಗ್ತಿದ್ದೆ ಅಮ್ಮ. ನಿಮ್ ಋಣ..." ಅನ್ನುತ್ತಲೇ ಅತ್ತುಬಿಟ್ಟಳು.

"ಋಣ ಗಿಣ ಬುಡು," ಅಂದರು ರುಕ್ಮಿಣಮ್ಮ. ಅವರ ದನಿಯಲ್ಲಿ ಎಂದಿನ ಗದರಿಕೆ ಇರಲಿಲ್ಲ. "ಗಿರಣಿಗೆ ಸೇರ್ದಾಗ ನಂಗೂ ನಿನ್ ವಯಸ್ಸೇ. ಸಾವ್ಕಾರ್ರು ಮೂಟೆ ಲೆಕ್ಕ ಅಂತ ಒಂದು ಚೀಟಿ ಕೊಟ್ಟು, ಬರ್ಕೊ, ಗೊತ್ತಾಯ್ತಾ ಅಂದ್ರು. ಹೂಂ ಅಂದೆ, ಬರ್ದೆ. ಆಮೇಲೆ ಎಣಿಸಿದ್ರೆ ನಲವತ್ತು ಮೂಟೆ ಕಮ್ಮಿ. ತೂಕ ಹಾಕೋ ಮುದ್ದಯ್ಯನ್ನ ಕಳ್ಳ ಅಂತ ಆಚೆಗೆ ಕಳ್ಸುದ್ರು. ಆ ಮೂಟೆ ಬಂದೇ ಇರ್ಲಿಲ್ಲ ಕಣವ್ವ, ಚೀಟಿನೇ ತಪ್ಪು. ಅದು ಗೊತ್ತಾಗೋ ಹೊತ್ಗೆ ಅವನು ಊರೇ ಬುಟ್ಟಿದ್ದ."

ಕಾವ್ಯಾ ಅವರ ಕೈ ಹಿಡಿದುಕೊಂಡಳು.

"ನಾನು ಆವತ್ತು ಕೇಳ್ಬೇಕಾಗಿದ್ದ ಮಾತ್ನ ಇವತ್ತು ನೀನು ಕೇಳ್ದೆ," ಅಂದರು ರುಕ್ಮಿಣಮ್ಮ. "ನಾನೇ ಮುಟ್ಬೇಕು ಮಗಾ, ನಿನ್ ಕಾಲ."