ಚಮಚದ ಸದ್ದಿಗೆ ಕಾಯುವ ಹಾಜರಿ ಅಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಆಕೆ ರೇಡಿಯೋದ ಗುಂಡಿ ತಿರುಗಿಸುತ್ತಾರೆ. ಮೊದಲು ಬರೀ ಸರಸರ ಸದ್ದು. ಕತ್ತಲ ಕೋಣೆಗೆ ಕಾಲಿಡುವ ಮುನ್ನ ಹೊಸ್ತಿಲಲ್ಲಿ ನಿಂತವರಂತೆ ತುಸು ಹೊತ್ತು ಆಲಿಸುತ್ತಾರೆ. ಆಮೇಲೆ ಮೈಕ್ ಹಿಡಿದು, "ಶುಭೋದಯ. ಯಾರ್ಯಾರು ಎದ್ದಿದ್ದೀರಿ? ಎದ್ದಿಲ್ಲದವರು ಕೈ ಎತ್ತಿ!" ಎನ್ನುತ್ತಾರೆ. ದೂರದಲ್ಲೆಲ್ಲೋ ಒಂದು ನಗು ಸಿಡಿದು ಮಾಯವಾಗುತ್ತದೆ.

ಹವ್ಯಾಸಿ ರೇಡಿಯೋದವರು ದಿನವೂ ಒಂದೇ ತರಂಗಾಂತರದಲ್ಲಿ ಸೇರುವ ಈ ಕೂಟವನ್ನು 'ನೆಟ್' ಎನ್ನುತ್ತಾರೆ. ಹೆಸರಿನ ಬದಲು ಬಳಸುವ ಒಬ್ಬೊಬ್ಬರ ಕರೆಸಂಕೇತ ಕೂಗಿ, ಉತ್ತರಕ್ಕೆ ಕಾದು, ಕ್ಷೇಮ ವಿಚಾರಿಸಿ ಮುಂದಿನವರತ್ತ ಸಾಗುವುದು ಆಕೆಯ ಕೆಲಸ. ಸಂಬಳವಿಲ್ಲ, ರಜೆಯೂ ಇಲ್ಲ. ಹೊಟ್ಟೆಪಾಡಿಗೆ ಕೆಳಗಿನ ಬೀದಿಯಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಗಾಳಿಯ ಅಲೆಗಳಲ್ಲಿ ಮಾತ್ರ ಆಕೆ ಎಲ್ಲರಿಗೂ 'ಹಾಜರಿ ಅಕ್ಕ'.

ಮದುವೆಯಾಗಿಲ್ಲ. ಕೆಳಗಿನ ಮನೆಯಲ್ಲಿ ತಮ್ಮನ ಸಂಸಾರ. ತಮ್ಮನ ಹೆಂಡತಿ ಮೆಟ್ಟಿಲ ಬಳಿಯೇ ನಿಂತು ಛೇಡಿಸುತ್ತಾಳೆ: "ದಿನಾ ಗಂಟಲು ಹರ್ಕೊಂಡು ಕರೀತೀರಲ್ಲ ಅತ್ತಿಗೆ, ಒಬ್ಬರಾದ್ರೂ ಮನೆ ಬಾಗಿಲಿಗೆ ಬಂದಿದ್ದಾರಾ?"

"ಬಂದ್ರೆ ಕಾಫಿ ಮಾಡೋಳು ನೀನೇ ಕಣೆ. ಬರದೇ ಇರಲಿ ಅಂತ ಬೇಡ್ಕೋ."

ಒಂದು ಕಾಲಕ್ಕೆ ಐವತ್ತು ದನಿಗಳಿದ್ದ ನೆಟ್ ಈಗ ಹದಿನಾಲ್ಕಕ್ಕೆ ಇಳಿದಿದೆ. ಕೆಲವರಿಗೆ ಬೇಸರವಾಯಿತು, ಕೆಲವರಿಗೆ ಮೊಬೈಲು ಸಾಕಾಯಿತು. ತೀರಿಕೊಂಡವರ ಸಂಕೇತವನ್ನು ಕಡೆಯದಾಗಿ ಒಮ್ಮೆ ಕರೆದು, ಮೌನವಾಗಿದ್ದು, ಮತ್ತೆಂದೂ ಕರೆಯದಿರುವುದು ಇಲ್ಲಿನ ರೂಢಿ. "ಕರೆಯೋದು ಸುಲಭ. ನಾಳೆಯಿಂದ ಕರೆಯಬಾರದು ಅಂತ ನಾಲಿಗೆಗೆ ಹೇಳೋದೇ ಕಷ್ಟ," ಎನ್ನುತ್ತಾರೆ ಅಕ್ಕ.

ಪಟ್ಟಿಯ ಕೊನೆಯವರು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದ ವೃದ್ಧರು. ಗಂಟಲ ಶಸ್ತ್ರಚಿಕಿತ್ಸೆಯ ನಂತರ ಅವರಿಗೆ ದನಿಯಿಲ್ಲ. ಅಕ್ಕ ಕರೆದಾಗ ಮೈಕಿನ ಮುಂದೆ ಲೋಟಕ್ಕೆ ಚಮಚ ಬಡಿಯುತ್ತಾರೆ: ಒಂದು ಬಡಿದರೆ ಹೌದು, ಎರಡು ಬಡಿದರೆ ಇಲ್ಲ. "ಚುಕ್ಕೆ-ಗೆರೆಯ ಮೋರ್ಸ್ ಸಂಕೇತ ಕಲೀರಿ, ಬೇಕಾದಷ್ಟು ಮಾತಾಡಬಹುದು ಅಂದೆ. ಎರಡು ಸಲ ಬಡಿದ್ರು. ಅದೂ ಜೋರಾಗಿ!" ನಡುಗುವ ಕೈಗೆ ಚಮಚ ಸಿಗಲು ಹೊತ್ತು ಹಿಡಿಯುತ್ತದೆ. ಅದಕ್ಕಾಗಿ ಅಕ್ಕ ಆ ಕರೆಯ ನಂತರ ದೀರ್ಘವಾದ ಬಿಡುವು ಕೊಡುತ್ತಾರೆ.

ರೇಡಿಯೋ ಕ್ಲಬ್ಬಿನ ಕಾರ್ಯದರ್ಶಿಗೆ ಆ ಬಿಡುವೇ ತಲೆನೋವು. "ಅಕ್ಕಾ, ನೆಟ್ ಮುಗೀತು ಅಂತ ಹೊಸಬರು ಎದ್ದು ಹೋಗ್ತಾರೆ. ಮಾತೇ ಆಡದವರನ್ನ ಪಟ್ಟಿಯಿಂದ ತೆಗೆದುಬಿಡೋಣ," ಎಂದರು. ಕಡಲತೀರದ ಹಳೆಯ ದೀಪಸ್ತಂಭದ ನೆನಪಿಗೆ ಕ್ಲಬ್ಬು ನಡೆಸಲಿದ್ದ ವಿಶೇಷ ಪ್ರಸಾರ ಮುಗಿಯುವವರೆಗೆ ಮಾತ್ರ ಅಕ್ಕ ಗಡುವು ಕೇಳಿದರು. ಆ ಮುದುಕರಿಗೆ ದಿನದಲ್ಲಿ ಇದೊಂದೇ ಸಂಭಾಷಣೆಯೆಂದು ಅಕ್ಕನಿಗೆ ಗೊತ್ತಿತ್ತು.

ವಿಶೇಷ ಪ್ರಸಾರದ ದಿನ ಎಲ್ಲಿಲ್ಲದ ನೂಕುನುಗ್ಗಲು. ಅಪರಿಚಿತ ದನಿಗಳು ಒಂದರ ಮೇಲೊಂದು ಬಿದ್ದವು. ಬೆಳಗಿನಿಂದ ಸಂಜೆಯವರೆಗೆ ಎಲ್ಲರಿಗೂ ಉತ್ತರಿಸಿದ ಅಕ್ಕನ ಗಂಟಲು ಕಟ್ಟಿಹೋಯಿತು. ಮರುದಿನ ಬೆಳಗ್ಗೆ ಬಾಯಿ ತೆರೆದರೆ ಬರೀ ಗಾಳಿ. ಅಷ್ಟು ಜನ ಮಾತಾಡಿ ಹೋದ ತರಂಗಾಂತರ ಬರಿದಾಗಿತ್ತು. "ಮೈಕ್ ಹಿಡ್ಕೊಂಡೇ ಕೂತಿದ್ದೆ. ಹಾಜರಿ ಹಾಕೋಳು ಬರದಿದ್ರೆ, ಬಂದಿಲ್ಲ ಅಂತ ಬರ್ಕೊಳ್ಳೋರು ಯಾರು ಹೇಳಿ?"

ಆಗ ಕೇಳಿಸಿತು, 'ಟಣ್'. ಚಮಚ. ಸ್ವಲ್ಪ ತಡೆದು ಮತ್ತೊಮ್ಮೆ, 'ಇದ್ದೀರಾ?' ಎಂದು ಕೇಳುವವರ ಹಾಗೆ. ಅಕ್ಕ ತಡಕಾಡಿ ಕತ್ತರಿ ಎತ್ತಿಕೊಂಡು ಮೈಕಿನ ಮುಂದೆ ಮೇಜಿನ ಕಬ್ಬಿಣದ ಅಂಚಿಗೆ ಒಮ್ಮೆ ಬಡಿದರು. ಅತ್ತಲಿಂದ ಒಂದು, ಇತ್ತಲಿಂದ ಒಂದು.

ಇದನ್ನೆಲ್ಲ ಕೇಳಿಸಿಕೊಂಡಿದ್ದ ಕಾರ್ಯದರ್ಶಿ ತಾವೇ ಪಟ್ಟಿ ಕರೆಯತೊಡಗಿದರು. ಕೊನೆಯ ಸಂಕೇತ ಕೂಗಿ ಕಾದರು. ಚಮಚ ಸದ್ದು ಮಾಡುವವರೆಗೂ ಕಾಯುತ್ತಲೇ ಇದ್ದರು. ಪಟ್ಟಿ ಮುಗಿದ ಮೇಲೆ, ಅದರಲ್ಲಿ ಎಂದೂ ಇಲ್ಲದ ಇನ್ನೊಂದು ಸಂಕೇತವನ್ನೂ ಕರೆದರು: ಹಾಜರಿ ಅಕ್ಕನದು.

ಈಗ ಅಕ್ಕನ ದನಿ ಮರಳಿದೆ, ಕೊನೆಯ ಕರೆಯ ನಂತರದ ಬಿಡುವೂ ಉಳಿದಿದೆ. ಇನ್ನೇನಾದರೂ ಬೇಕೇ ಎಂದರೆ ಅಕ್ಕ ಸೂಜಿಗೆ ದಾರ ಪೋಣಿಸುತ್ತ ಯೋಚಿಸುತ್ತಾರೆ.

"ವಾರಕ್ಕೊಂದು ದಿನ ಬೇರೆ ಯಾರಾದ್ರೂ ಕರೀಲಿ. ನಾನೂ ಒಂದ್ಸಲ 'ಇದ್ದೀನಿ' ಅನ್ನಬೇಕು."